ಕಡವೆ ಹೊಳೆ ದಾಟಿದ್ದು

ಸ್ವೀಡನ್ನಿನ ಗಡಿಯಲ್ಲಿ ಮೂವತ್ತು ವರ್ಷ ಸುಂಕದ ಅಧಿಕಾರಿಯಾಗಿದ್ದ ತೂರೆ ನಿವೃತ್ತಿಯ ನಂತರ ಸ್ಪೇನಿನಲ್ಲಿ ನೆಲೆಸಿದ್ದ. ಪ್ರತಿ ಏಪ್ರಿಲ್‌ನಲ್ಲೂ ಸ್ವೀಡನ್ನಿನ ಟಿವಿಯವರು ಆ ದೇಶದೊಳಗೆ ಮಾತ್ರ ದಿನಗಟ್ಟಲೆ ತೋರಿಸುವ, ಕಡವೆಗಳು ಹೊಳೆ ದಾಟುವ ನೇರಪ್ರಸಾರವನ್ನು, ತಾನು ಸ್ವೀಡನ್ನಿನಲ್ಲೇ ಇರುವಂತೆ ತೋರಿಸುವ ವಿಪಿಎನ್ ಹಾಕಿಕೊಂಡು ನೋಡುತ್ತಿದ್ದ. ಈ ವರ್ಷ ಪರದೆಯ ಮೇಲೆ ‘ವಿಪಿಎನ್ ಬಳಸುವವರಿಗೆ ಪ್ರಸಾರವಿಲ್ಲ’ ಎಂದು ಬಂತು. ಟಿವಿಯವರ ಸಹಾಯವಾಣಿಗೆ ಫೋನ್ ಮಾಡಿದ.

“ಈಗ ಎಲ್ಲಿದ್ದೀರಿ?” ಎಂದಳು ಅಲ್ಲಿನ ಹೆಂಗಸು.

ಸುಳ್ಳು ಹೇಳುವವರನ್ನು ಹಿಡಿದೇ ಸಂಬಳ ಪಡೆದವನಿಗೆ ಸುಳ್ಳು ಬಾಯಿಗೆ ಬರಲಿಲ್ಲ.

“ಸ್ಪೇನಲ್ಲಿ. ಸರಿಯಾಗೇ ಹಿಡಿದಿದ್ದೀರಿ ಬಿಡಿ,” ಎಂದು ಹೊಗಳಿ ಫೋನಿಟ್ಟ.

ಆಮೇಲೆ ಊರಲ್ಲಿದ್ದ ತಂಗಿ ಗುನ್‌ವೋರ್‌ಗೆ ಫೋನ್ ಮಾಡಿ ಟಿವಿ ಮುಂದೆ ಕೂರಿಸಿದ.

“ಏನ್ ಕಾಣ್ತಿದೆ?”

“ನೀರು ಕಣೋ ಅಣ್ಣ.”

“ಈಗ?”

“ಈಗ್ಲೂ ನೀರೇ. ಕಡವೆ ಬಂದ್ರೆ ಹೇಳಲ್ವಾ ನಾನು?”

ದಿನಾ ಹೀಗೇ ಫೋನ್ ಮಾಡಿದ. ನಾಲ್ಕನೆಯ ಬೆಳಿಗ್ಗೆ ಅವಳು, “ಒಂದು ಇಳೀತು,” ಎಂದಳು. ಅದು ಆಚೆ ದಡ ಹತ್ತುವವರೆಗೆ ಅಣ್ಣ ತಂಗಿ ಇಬ್ಬರೂ ಫೋನ್ ಹಿಡಿದೇ ಕೂತಿದ್ದರು.