ಡೆನ್ ಬಾಷ್ ನಿಲ್ದಾಣದ ಶಾಬಂದರ್

2023ರಲ್ಲಿ ನಾನು ಆಮ್‌ಸ್ಟರ್‌ಡ್ಯಾಮಿನ ಬೈಟನ್‌ವೆಲ್ಡರ್ಟ್ ಬಡಾವಣೆಯ ಒಂದು ಅಂತರರಾಷ್ಟ್ರೀಯ ಶಾಲೆಯಲ್ಲಿ ಇತಿಹಾಸದ ಶಿಕ್ಷಕಿಯಾಗಿದ್ದೆ. ಅದಕ್ಕೂ ಮುಂಚೆ ಬೀದರಿನಲ್ಲಿ, ಆಮೇಲೆ ಬೆಂಗಳೂರಿನಲ್ಲಿ ಸೀಮೆಸುಣ್ಣ ಸವೆಸಿದವಳು. ಎಂಟನೇ ತರಗತಿಗೆ ‘ಮಧ್ಯಯುಗದ ಏಷ್ಯಾ: ರಾಜ್ಯಗಳು, ಧರ್ಮಗಳು, ವ್ಯಾಪಾರ’ ಎಂಬ ಯೂನಿಟ್, ಅಂದರೆ ಪಾಠಮಾಲೆ, ನನ್ನ ಪಾಲಿಗೆ ಬಂದಿತ್ತು. ಅದಕ್ಕೆ ಎಂಟು ವಾರ ಕೊಟ್ಟಿದ್ದರು. ಅದನ್ನು ನಾನು ಮಗುವಿನ ಹಾಗೆ ಸಾಕಿದ್ದೆ.

ಮಕ್ಕಳಿಗೆ ಮಾತ್ರ ಒಂಚೂರೂ ಹಿಡಿಸಲಿಲ್ಲ. ಸೋಂಗ್ ಚೀನಾ, ಚೋಳರು, ಬಹಮನಿಗಳು, ವಿಜಯನಗರ, ಮಲಕ್ಕಾ ಎಂದು ಹೆಸರುಗಳ ಮೆರವಣಿಗೆ ಮುಗಿಯುವಷ್ಟರಲ್ಲಿ ಅರ್ಧ ತರಗತಿಯ ಕಣ್ಣು ಕಿಟಕಿಯಾಚೆ ಇರುತ್ತಿತ್ತು. ಭೂಪಟದ ಮೇಲೆ ಬಾಣ ಎಳೆದು, ಮೆಣಸು ಆ ಕಡೆ, ಕುದುರೆ ಈ ಕಡೆ ಎಂದು ತೋರಿಸುತ್ತಿದ್ದೆ. ಪರೀಕ್ಷೆಯಲ್ಲಿ ಕುದುರೆಗಳು ಚೀನಾದಿಂದ ಅರೇಬಿಯಾಕ್ಕೆ ಹೋದವು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು ನನ್ನ ಕೆಲಸ.

ವಿಭಾಗದ ಮುಖ್ಯಸ್ಥೆ ಮರೈಕೆ ಸುತ್ತಿ ಬಳಸಿ ಮಾತಾಡುವವರಲ್ಲ. ನನ್ನನ್ನು ಕರೆದು ಇಂಗ್ಲಿಷಿನಲ್ಲಿ ನೇರವಾಗಿ ಹೇಳಿದರು: “ಮುಂದಿನ ವರ್ಷ ಇದಕ್ಕೆ ಎರಡು ವಾರ ಸಾಕು ಅನ್ಸುತ್ತೆ, ನಸೀಮಾ. ಮ್ಯೂಸಿಯಂ ಟ್ರಿಪ್‌ಗೆ ನಾನೂ ಬರ್ತೀನಿ. ಅಲ್ಲಿ ಮಕ್ಕಳನ್ನ ನೋಡಿ ಡಿಸೈಡ್ ಮಾಡ್ತೀನಿ.” ಅರ್ಧ ಜಗತ್ತಿಗೆ ಎರಡು ವಾರ! ಮೈಯೆಲ್ಲ ಉರಿಯಿತು. ಆದರೆ ಅವರ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲವಾದ್ದರಿಂದ ತೆಪ್ಪಗೆ ಎದ್ದು ಬಂದೆ.

ನವೆಂಬರ್ ತಿಂಗಳ ಒಂದು ಬೆಳಗ್ಗೆ ತರಗತಿಯನ್ನು ಕಟ್ಟಿಕೊಂಡು ದೇಶದ ದಕ್ಷಿಣ ತುದಿಯ ಮಾಸ್ಟ್ರಿಕ್ಟ್ ಊರಿನ ರೈಲು ಹತ್ತಿದೆ. ಅಲ್ಲಿಯ ಮ್ಯೂಸಿಯಮಿನಲ್ಲಿ ಏಷ್ಯಾದ ಕಡಲ ವ್ಯಾಪಾರದ ಪ್ರದರ್ಶನವಿತ್ತು. ಜೊತೆಗೆ ಮರೈಕೆ, ಮತ್ತೆ ಮಕ್ಕಳನ್ನು ಕಾಯಲು ಬಂದ ಮೈಸೂರಿನ ರಾಘು. ಅವರು ಐಟಿ ಕಂಪನಿಯೊಂದರಲ್ಲಿ ಎಂಜಿನಿಯರ್. ಮಗಳು ಅನಘಾ ನನ್ನ ವಿದ್ಯಾರ್ಥಿನಿ. ನನ್ನ ಚೀಲದ ತುಂಬ ವರ್ಕ್‌ಶೀಟುಗಳು.

ಹವಾಮಾನ ಇಲಾಖೆ ಜೋರು ಗಾಳಿಯ ಎಚ್ಚರಿಕೆ ಕೊಟ್ಟಿತ್ತು. ಈ ದೇಶದಲ್ಲಿ ಗಾಳಿ ಇಲ್ಲದ ದಿನವೆಲ್ಲಿದೆ ಎಂದು ನಾನು ಲೆಕ್ಕಿಸಲಿಲ್ಲ. ದಾರಿಯ ನಡುವಿನ ಡೆನ್ ಬಾಷ್ ನಿಲ್ದಾಣ ತಲುಪುವಷ್ಟರಲ್ಲಿ ಹಿಂದೆ ಒಂದು ಮರ, ಮುಂದೆ ಒಂದು ಮರ ವಿದ್ಯುತ್ ತಂತಿಯ ಮೇಲೆ ಬಿದ್ದಿದ್ದವು. ನಮ್ಮನ್ನೆಲ್ಲ ಇಳಿಸಿಬಿಟ್ಟರು.

“ಮೇಡಂ, ಆಪ್‌ನಲ್ಲಿ ಎಲ್ಲಾ ‘ಸ್ಟೋರಿಂಗ್’ ಅಂತ ಬರ್ತಿದೆ, ಒಂದು ಟ್ರೇನೂ ಓಡ್ತಿಲ್ಲ. ಮುಂದಕ್ಕೂ ಹೋಗೋಕಾಗಲ್ಲ, ವಾಪಸ್ಸೂ ಇಲ್ಲ. ಏನ್ ಮಾಡೋದೀಗ?” ಎಂದರು ರಾಘು.

“ಗಾಳಿ ನಿಲ್ಲೋತನಕ ಕೂಡೋದ್ರೀ, ಮತ್ತೇನದ?” ಎಂದೆ. ಮ್ಯೂಸಿಯಂ ಕೈತಪ್ಪಿದರೆ ನನ್ನ ಎಂಟು ವಾರವೂ ಕೈತಪ್ಪಿದ ಹಾಗೆಯೇ. ಮರೈಕೆ ಆಗಲೇ ಗಡಿಯಾರ ನೋಡಿಕೊಳ್ಳುತ್ತಿದ್ದರು.

ಕಾಯುವ ಕೋಣೆಯ ನೆಲದ ಮೇಲೆ ಮಕ್ಕಳನ್ನು ಕೂರಿಸಿದೆ. ತರಗತಿಯ ಗೊಣಗುವೀರ ದಾನ್ ಶುರು ಮಾಡಿದ: “ಮಿಸ್, ಇಡೀ ದಿನ ವೇಸ್ಟ್!”

ನನಗೆ ರೇಗಿತು. “ಒಂದು ದಿನಕ್ಕೇ ಹೀಗಾ? ಅರೇಬಿಯಾದಿಂದ ಭಟ್ಕಳಕ್ಕೆ ಕುದುರೆ ತಂದವರು ವಾಪಸ್ ಹೋಗೋಕೆ ಮಾನ್ಸೂನ್ ಗಾಳಿ ತಿರುಗೋವರೆಗೆ ತಿಂಗಳುಗಟ್ಟಲೆ ಅಲ್ಲೇ ಕೂತಿರ್ತಿದ್ರು.”

“ತಿಂಗಳುಗಟ್ಟಲೆ? ಅಷ್ಟು ದಿನ ಏನ್ ಮಾಡ್ತಿದ್ರು?”

ನಾನು ಎಷ್ಟೋ ವರ್ಷದಿಂದ ಮಾನ್ಸೂನ್ ಪಾಠ ಮಾಡಿದವಳು. ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ; ಕೇಳುವಂತೆ ನಾನೂ ಪಾಠ ಮಾಡಿರಲಿಲ್ಲ. ವರ್ಕ್‌ಶೀಟುಗಳನ್ನು ಚೀಲದಲ್ಲೇ ಬಿಟ್ಟೆ. “ನೀವೇ ಹೇಳಿ. ಇದು ಭಟ್ಕಳ ಅಂದ್ಕೊಳ್ಳಿ. ಕುದುರೆ ಮಾರಿದ್ದಾಯ್ತು, ಹಡಗು ಹೊರಡಲ್ಲ. ನಿಮಗೇನು ಬೇಕು?”

ಮೊದಲು ಬಂದದ್ದು ಊಟ. ಅನಘಾ ಮಾಂಸ ತಿನ್ನುವುದಿಲ್ಲ, ಇನ್ನೊಬ್ಬನಿಗೆ ಹಲಾಲ್ ಬೇಕು. ರಾಘು ಪುಳಿಯೋಗರೆ ಡಬ್ಬಿ ತೆಗೆದದ್ದೇ ತಡ, ಅದು ಕೈಯಿಂದ ಕೈಗೆ ಹೋಯಿತು. “ಅವರವರ ಅಡುಗೆಯವರು ಬೇಕು,” ಎಂದರು ಮಕ್ಕಳು. ಆಮೇಲೆ ಮಲಗಲು ಜಾಗ, ಪ್ರಾರ್ಥನೆಗೆ ಜಾಗ, ಸಾಮಾನು ನಂಬಿ ಬಿಟ್ಟುಹೋಗಲು ಒಬ್ಬರು, ಭಾಷೆ ಬಲ್ಲವರೊಬ್ಬರು. “ಯಾರಾದ್ರೂ ಸತ್ತರೆ?” ಎಂದಳು ಅನಘಾ. ಹಾಗೆಯೇ ಬಂದರಿನಲ್ಲಿ ಅರಬರ ಕೇರಿ, ಮಸೀದಿ, ಬಸದಿ, ಗುಡಿ, ಗೋರಿಗಳು ಒಂದರ ಪಕ್ಕ ಒಂದು ಬಂದವು, ಕೆಲವರು ಅಲ್ಲೇ ಮದುವೆಯಾಗಿ ನೆಲೆನಿಂತರು ಎಂದು ನಾನು ಎಳೆ ಸೇರಿಸುತ್ತ ಹೋದೆ. ಒಬ್ಬರೂ ಕಿಟಕಿ ನೋಡಲಿಲ್ಲ.

ಅಷ್ಟರಲ್ಲಿ ಜಗಳ ಎದ್ದಿತು. ಕೋಣೆಯಲ್ಲಿ ಫೋನ್ ಚಾರ್ಜ್ ಮಾಡಲು ಇದ್ದದ್ದೇ ಎರಡು ಪ್ಲಗ್. ಮಾತಿಗೆ ಮಾತು ಬೆಳೆದು ಕೊನೆಗೆ ದಾನ್ ಕೇಳಿದ: “ಮಿಸ್, ಬಂದರಿನಲ್ಲಿ ಜಗಳ ಯಾರು ಬಿಡಿಸ್ತಿದ್ರು?” ಒಂದೊಂದು ಸಮುದಾಯಕ್ಕೂ ಅದರದೇ ಮುಖಂಡ ಇರುತ್ತಿದ್ದ, ಎಷ್ಟೋ ಬಂದರುಗಳಲ್ಲಿ ಪರದೇಶಿ ವರ್ತಕರನ್ನು ನೋಡಿಕೊಳ್ಳಲು ಶಾಬಂದರ್ ಎಂಬ ಅಧಿಕಾರಿಯೂ ಇದ್ದ ಎಂದೆ. ಮಕ್ಕಳೆಲ್ಲ ಒಟ್ಟಿಗೆ ಮರೈಕೆಯತ್ತ ತಿರುಗಿದರು.

ಮರೈಕೆ ಕೋಟು ಸರಿಮಾಡಿಕೊಂಡು ಬೆಂಚಿನ ಮೇಲೆ ನೆಟ್ಟಗೆ ಕೂತರು. ಸರದಿ ಪ್ರಕಾರ ಚಾರ್ಜು, ತಲೆಗೊಂದು ಬಿಸ್ಕತ್ತು ಸುಂಕ ಎಂದು ತೀರ್ಪಾಯಿತು. ಸುಂಕ ವಸೂಲಿಯಲ್ಲಿ ಆಕೆ ನಮ್ಮ ಯಾವ ಸುಲ್ತಾನರಿಗೂ ಕಡಿಮೆ ಇರಲಿಲ್ಲ.

ಬಿಸ್ಕತ್ತು ಮುಗಿದ ಮೇಲೆ ಅವರ ಮುಖ ಗಂಭೀರವಾಯಿತು. “ಒಂದು ಪ್ರಶ್ನೆ. ರಾಜನ ಹತ್ರ ಸೈನ್ಯ ಇದೆ. ಹೊರಗಿನವನು ತನ್ನ ದೇವರು, ತನ್ನ ಪದ್ಧತಿ ಇಟ್ಕೊಂಡು ಇರೋಕೆ ರಾಜ ಯಾಕೆ ಬಿಡಬೇಕು? ಎಲ್ಲಾ ಕಿತ್ಕೊಂಡ್ರೆ ಆಯ್ತಲ್ಲ?”

ಇದು ನನಗಿಟ್ಟ ಪರೀಕ್ಷೆ ಎಂದು ಗೊತ್ತಾಯಿತು. ಉತ್ತರ ನಾಲಿಗೆ ತುದಿಯಲ್ಲಿತ್ತು. ಬಾಯಿ ತೆರೆದವಳು ಮತ್ತೆ ಮುಚ್ಚಿಕೊಂಡೆ. ರಾಘು ನನ್ನನ್ನೇ ನೋಡುತ್ತಿದ್ದರು.

ದಾನ್ ತಲೆ ಕೆರೆದುಕೊಂಡ. “ಕಿತ್ಕೊಳ್ಳಬಹುದು. ಆದ್ರೆ ಒಂದೇ ಸಲ. ಮುಂದಿನ ವರ್ಷ ಅವನು ಕುದುರೆ ತಗೊಂಡು ಬೇರೆ ಬಂದರಿಗೆ ಹೋಗ್ತಾನೆ.”

“ಉಳಿದವರಿಗೂ ಹೇಳ್ತಾನೆ. ಆಮೇಲೆ ಇಲ್ಲಿಗೆ ಯಾರೂ ಬರಲ್ಲ,” ಎಂದಳು ಅನಘಾ.

ನಿಲ್ದಾಣದ ನಡುವೆ ನಾನು ಕುಣಿಯದೆ ಇದ್ದದ್ದೇ ದೊಡ್ಡದು. ಎಂಟು ವಾರ ಗಂಟಲು ಹರಿದುಕೊಂಡರೂ ತಲೆಗೆ ಹೋಗದ ವಿಷಯ ಅವರ ಬಾಯಿಂದಲೇ ಬಂದಿತ್ತು. ಕಣ್ಣು ತುಂಬಿ ಬಂತು, ನಾಚಿಕೆಯೂ ಆಗಲಿಲ್ಲ.

ಮಧ್ಯಾಹ್ನ ಆಮ್‌ಸ್ಟರ್‌ಡ್ಯಾಮಿಗೆ ವಾಪಸಾಗುವ ರೈಲು ಬಂತು. ಮಕ್ಕಳು ಏಳಲೊಲ್ಲರು, ಅಷ್ಟೊತ್ತಿಗೆ ಇನ್ನೊಂದು ವ್ಯಾಜ್ಯ ವಿಚಾರಣೆಯಲ್ಲಿತ್ತು. ಶಾಬಂದರ್ ಎದ್ದು ಚಪ್ಪಾಳೆ ತಟ್ಟಿ, “ಗಾಳಿ ತಿರುಗಿದೆ! ಎಲ್ಲರೂ ಹಡಗು ಹತ್ತಿ!” ಎಂದು ಕೂಗಿದ ಮೇಲೆಯೇ ಎದ್ದದ್ದು. ರೈಲಿನಲ್ಲಿ ಮರೈಕೆ ನನ್ನ ಪಕ್ಕ ಕೂತರು. “ಎಂಟು ವಾರ ಹಾಗೇ ಇರ್ಲಿ. ಆದ್ರೆ ಇನ್ಮೇಲೆ ಭೂಪಟದ ಬಾಣಗಳಿಂದ ಶುರು ಮಾಡ್ಬೇಡಿ,” ಎಂದರು.

ಮ್ಯೂಸಿಯಂ ಅನ್ನು ಆ ವರ್ಷ ನಾವು ನೋಡಲೇ ಇಲ್ಲ. ಯೂನಿಟ್ ಮಾತ್ರ ಇಂದಿಗೂ ನಡೆಯುತ್ತಿದೆ, ಈಗ ಬೇರೆ ಶಾಲೆಯವರೂ ಬಂದು ನೋಡಿಹೋಗುತ್ತಾರೆ. ಮೇಷ್ಟರ ಕೆಲಸವೆಂದರೆ ಹೇಳುವುದು ಎಂದೇ ನಂಬಿ ಬದುಕಿದವಳು ನಾನು. ಮಕ್ಕಳಿಗೆ ಪ್ರಶ್ನೆ ತಮ್ಮದಾಗುವವರೆಗೆ ಉತ್ತರ ಹೇಳಬಾರದು ಎಂಬುದನ್ನು ಈ ವೃತ್ತಿ ನನಗೆ ಅಂದು ಕಲಿಸಿತು. ಗೆದ್ದೆ ಎಂದು ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಆದರೆ ಗೆಲ್ಲಿಸಿದ್ದು ನಾನು ಬಾಯಿ ಮುಚ್ಚಿಕೊಂಡಿದ್ದ ಆ ಒಂದು ಗಳಿಗೆ.