ಕುಟ್ಟೇಸ್ತಾನಮ್ಮಾ

ಟಕಟಕಟಕ ಎಂದು ಓಡಿ, ದಾರ ಕಡಿಯಲು ಒಂದು ಗಳಿಗೆ ನಿಂತು, ಮತ್ತೆ ಟಕಟಕ ಎನ್ನುವ ಹೊಲಿಗೆ ಮಿಷನ್ನು. ವಿಶಾಖಪಟ್ಟಣದ ನಮ್ಮ ಪೋರ್ಟಿಕೋದಲ್ಲಿ ಒಂದು ತಿಂಗಳು ಅದೇ ಸದ್ದು.

ನೇವಿಯಲ್ಲಿದ್ದಾಗ ನಮ್ಮವರು ಕೊಂಡ ಎರಡು ಸೀಟಿನ ಸ್ಪೋರ್ಟ್ಸ್ ಕಾರಿನ ಒಳಗನ್ನೆಲ್ಲ ಹೊಸದು ಮಾಡಲು ಗಾಜುವಾಕದಿಂದ ಸೀಟು ಹೊಲಿಯುವಾತ ಬರುತ್ತಿದ್ದ. ಬೆನ್ನುನೋವಿನ ಇವರಿಗೆ ಒಂದೇ ಆಸೆ: ಅದನ್ನು ತಾವೇ ಓಡಿಸಿಕೊಂಡು ವಿಜಯವಾಡದ ಮಗಳ ಮನೆಗೆ ಹೋಗಬೇಕು.

ಮೊದಲ ದಿನವೇ ಆತ ಹರಿದ ಸೀಟು ಸವರಿ, "ಕುಟ್ಟೇಸ್ತಾನಮ್ಮಾ" ಎಂದ. ಕ್ವಾರ್ಟರ್ಸಿನಲ್ಲಿ ಇಂಗ್ಲಿಷಿನಲ್ಲೇ ಕಾಲ ಕಳೆದ ನನಗೆ ತೆಲುಗು ಅಷ್ಟಕ್ಕಷ್ಟೆ. "ಅಯ್ಯೋ, ಕುಟ್ಟಬೇಡಪ್ಪಾ, ಪ್ಲೀಸ್!" ಎಂದು ಅಡ್ಡ ನಿಂತೆ.

"ಇಲ್ಲಿ ಕುಟ್ಟೋದು ಅಂದ್ರೆ ಹೊಲಿಯೋದು ಕಣೇ," ಎಂದು ಇವರು ನಕ್ಕರು. ಆಮೇಲೆ ಕಾರ್ಪೆಟ್ಟು, ಡೋರ್ ಲೈನಿಂಗ್, ಏನು ತೋರಿಸಿದರೂ ಆತನದು ಅದೇ ಉತ್ತರ.

ಕೆಲಸ ಮುಗಿದ ದಿನ ಇವರು ಸೀಟಿನಲ್ಲಿ ಕೂತು "ಫಸ್ಟ್ ಕ್ಲಾಸ್!" ಎಂದರು. ಆತ ಆ ಮಾತಿಗೆ ಕಿವಿಗೊಡದೆ, ಸೊಂಟದ ಹಿಂದಕ್ಕೆ ಹೋದ ಇವರ ಕೈ ನೋಡಿದ. "ದಿಗಂಡಿ ಸಾರ್" ಎಂದು ಇಳಿಸಿ, ಅಷ್ಟೂ ಹೊಲಿಗೆ ಬಿಚ್ಚಿ, ಸೊಂಟಕ್ಕೆ ಆನುವಲ್ಲಿ ಸ್ಪಂಜು ಏರಿಸಿ ಮೊದಲಿನಿಂದ ಹೊಲಿದ.

ಆತನನ್ನು ಕೊನೆಯ ಸಲ ನೋಡಿದ್ದು ವಿಜಯವಾಡದಿಂದ ಹಿಂತಿರುಗುವಾಗ, ಗಾಜುವಾಕದ ಅವನ ಅಂಗಡಿಯೆದುರು. ಇವರು ಸೊಂಟ ಹಿಡಿಯದೆ ಕಾರಿನಿಂದ ಇಳಿದರು. ಆತ ಅದನ್ನು ನೋಡಿದ ಮೇಲೆಯೇ ನಮಸ್ಕಾರ ಮಾಡಿದ. ನಾನು ಪಟ್ಟಿ ಕಿತ್ತುಹೋಗಿದ್ದ ನನ್ನ ಹ್ಯಾಂಡ್‌ಬ್ಯಾಗ್ ಮುಂದೆ ಹಿಡಿದು, ಠೀವಿಯಿಂದ ತೆಲುಗಿನಲ್ಲೇ, "ಕುಟ್ಟೇಯಂಡಿ" ಎಂದೆ.

ಆತ ಬ್ಯಾಗನ್ನು ಎದೆಗವಚಿಕೊಂಡು, ಥೇಟ್ ನನ್ನದೇ ದನಿಯಲ್ಲಿ ಕೂಗಿದ: "ಅಯ್ಯೋ, ಕುಟ್ಟಬೇಡಪ್ಪಾ, ಪ್ಲೀಸ್!"