ಬೀಗ ಹಾಕಿದ ಏಳು ಮನೆಗಳು

ನನ್ನ ಕೆಲಸ ಏನು ಎಂದು ಯಾರಾದರೂ ಕೇಳಿದರೆ ನನಗೆ ಈಗಲೂ ರೇಗುತ್ತದೆ, ಯಾಕೆಂದರೆ ಒಂದು ಮಾತಿನಲ್ಲಿ ಹೇಳಲು ಬರುವುದಿಲ್ಲ. ತೆಲಂಗಾಣದ ರಾಜಧಾನಿಯ ಮಣಿಕೊಂಡ ಬಡಾವಣೆಯಲ್ಲಿರುವ ನಮ್ಮ ಮನೆ ಮಾಲೀಕರು ನನ್ನನ್ನು ಮಾಲಿನ್ಯ ಇಲಾಖೆಯವಳು ಎಂದುಕೊಂಡು, ಎದುರಿನ ಸೈಟಿನಲ್ಲಿ ಯಾರಾದರೂ ಕಸ ಸುಟ್ಟರೆ ಬಂದು ನನ್ನ ಬಾಗಿಲು ಬಡಿಯುತ್ತಾರೆ. ರಾಯಚೂರಿನಲ್ಲಿರುವ ನಮ್ಮವ್ವನದು ಇನ್ನೊಂದು ರಗಳೆ. 'ವಕೀಲಿ ಓದೀದಿ, ಕೋರ್ಟಿಗೆ ಮಾತ್ರ ಹೋಗಂಗಿಲ್ಲ. ದಿನಾ ಅಲ್ಲಿ ಕುಂತು ಮಾಡೂದರ ಏನವಾ?' ಎಂದು ಫೋನಿನಲ್ಲಿ ಕೇಳುತ್ತಾಳೆ. ಟಿಕ್ ಹಾಕುತ್ತೇನೆ ಎಂದು ಹೇಳಿದರೆ ವಕೀಲಿ ಓದಿಸಿದ ಅವಳ ಮರ್ಯಾದೆ ಹೋಗುತ್ತದೆಂದು ಸುಮ್ಮನಿರುತ್ತೇನೆ.

ವಿಷಯ ಇಷ್ಟೇ. ಸಮುದ್ರದಾಚೆಯ ಕೆಲವು ಸಿರಿವಂತ ದೇಶಗಳು ಸೇರಿ ಒಂದು ಹವಾಮಾನ ನಿಧಿ ಕಟ್ಟಿಕೊಂಡಿವೆ. ನೂರಾರು ವರ್ಷ ಹೊಗೆ ಬಿಟ್ಟಿದ್ದಕ್ಕೆ ಪ್ರಾಯಶ್ಚಿತ್ತ ಎಂದು ಅವರು ಅಪ್ಪಿತಪ್ಪಿಯೂ ಹೇಳುವುದಿಲ್ಲ, ಪಾಲುದಾರಿಕೆ ಎನ್ನುತ್ತಾರೆ. ಅದರಿಂದ ನಮ್ಮಂಥ ಊರುಗಳಲ್ಲಿ ಕೆರೆ ಶುದ್ಧವಾಗುತ್ತದೆ, ನಾಲೆ ಅಗಲವಾಗುತ್ತದೆ, ದಂಡೆಯ ಮೇಲೆ ಗಿಡ ಬರುತ್ತವೆ. ಒಳ್ಳೆಯ ಕೆಲಸ ಮಾಡುವಾಗ ಯಾರಿಗೂ ಕೆಡುಕಾಗಬಾರದು ಎಂದು ಅವರದೊಂದು ದಪ್ಪ ನೀತಿ ಪುಸ್ತಕವಿದೆ. ಎಲ್ಲವೂ ಆ ಪುಸ್ತಕದ ಪ್ರಕಾರವೇ ನಡೆದಿದೆ ಎಂದು ಕಾಗದದ ಮೇಲೆ ತೋರಿಸುವುದು ನಮ್ಮ ಕಚೇರಿಯ ಹೊಟ್ಟೆಪಾಡು. ಪ್ರತಿ ಪ್ರಶ್ನೆಯ ಮುಂದೆ ಮೂರು ಚೌಕಗಳಿರುತ್ತವೆ: ಹೌದು, ಇಲ್ಲ, ಅನ್ವಯಿಸುವುದಿಲ್ಲ. ಹೌದು ಎಂದರೆ ಪುರಾವೆ ಕೊಡಬೇಕು, ಇಲ್ಲ ಎಂದರೆ ವಿವರಣೆ ಬರೆಯಬೇಕು. ಅನ್ವಯಿಸುವುದಿಲ್ಲ ಎಂದರೆ ಹೊತ್ತಿಗೆ ಸರಿಯಾಗಿ ಮನೆಗೆ ಹೋಗಬಹುದು. ಮೂರನೆಯ ಚೌಕದ ಮೇಲೆ ನನಗೆ ವಿಶೇಷ ಪ್ರೀತಿ.

ನಮ್ಮ ಕಚೇರಿಯಿಂದ ಅರ್ಧ ಗಂಟೆ ದೂರದ ಒಂದು ಕೆರೆಗೆ ಈ ನಿಧಿಯ ದೃಷ್ಟಿ ಬಿತ್ತು. ಕೆರೆಗೆ ಬರುವ ನಾಲೆಯನ್ನು ಅಗಲ ಮಾಡಿ ಎರಡೂ ಕಡೆ ಗಿಡ ನೆಡಬೇಕಿತ್ತು. ನಾಲೆಯ ದಂಡೆಯಲ್ಲಿ ಇಪ್ಪತ್ತು ಚಿಲ್ಲರೆ ತಗಡಿನ ಶೆಡ್ಡುಗಳಿದ್ದವು. ಅಲ್ಲಿದ್ದವರೆಲ್ಲ ರಾಯಚೂರು, ಯಾದಗಿರಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರು, ಅಂದರೆ ನಮ್ಮ ಕಡೆಯವರೇ. ಸುತ್ತಲಿನ ಗಾಜಿನ ಕಟ್ಟಡಗಳಿಗೆ ಸಿಮೆಂಟು ಹೊತ್ತವರು ಅವರು, ಅದರಲ್ಲೊಂದರ ಹನ್ನೊಂದನೆಯ ಮಹಡಿಯಲ್ಲಿ ಎಸಿ ಹಾಕಿಕೊಂಡು ಕುಳಿತವಳು ನಾನು.

ಪುಸ್ತಕದ ಪ್ರಕಾರ, ಸಮೀಕ್ಷೆ ನಡೆದ ದಿನ ಅಲ್ಲಿ ವಾಸವಾಗಿದ್ದ ಪ್ರತಿ ಕುಟುಂಬಕ್ಕೂ ಕೆರೆಯ ಆಚೆ ದಂಡೆಯಲ್ಲಿ ಕಟ್ಟುವ ಮನೆಗಳಲ್ಲಿ ಒಂದು ಕೊಡಬೇಕು. ಆ ದಿನ ಇಲ್ಲದವರಿಗೆ ಏನೂ ಇಲ್ಲ. ಸುದ್ದಿ ತಿಳಿದು ಯಾರ್ಯಾರೋ ಬಂದು ಹೊಸ ಶೆಡ್ಡು ಹಾಕಿಕೊಳ್ಳಬಾರದೆಂದು ಈ ನಿಯಮ. ನ್ಯಾಯವಾದದ್ದೇ. ಇದನ್ನು ನಾನು ಎಷ್ಟೋ ತರಬೇತಿಗಳಲ್ಲಿ ಬಣ್ಣದ ಚಿತ್ರ ತೋರಿಸಿ ವಿವರಿಸಿದ್ದೇನೆ.

ಸಮೀಕ್ಷೆಯ ತಂಡದವರು ಮೂರು ದಿನಗಳನ್ನು ಸೂಚಿಸಿ ಒಪ್ಪಿಗೆ ಕೇಳಿದರು. ನಮೂನೆಯಲ್ಲಿ ಒಂದು ಪ್ರಶ್ನೆ ಇತ್ತು: ಈ ದಿನಗಳಲ್ಲಿ ಬಾಧಿತರ ಹಬ್ಬ ಹರಿದಿನಗಳು ಬರುತ್ತವೆಯೇ? ನಾನು ತೆಲಂಗಾಣದ ಸರ್ಕಾರಿ ರಜೆಗಳ ಪಟ್ಟಿ ತೆಗೆದು ನೋಡಿದೆ. ಏನೂ ಇರಲಿಲ್ಲ. ಅನ್ವಯಿಸುವುದಿಲ್ಲ ಎಂದು ಟಿಕ್ ಹಾಕಿ ಸಹಿ ಮಾಡಿದೆ. ಅದೇ ಮಧ್ಯಾಹ್ನ ಅದೇ ಕಂಪ್ಯೂಟರಿನಲ್ಲಿ ಅದೇ ಮೂರು ದಿನಗಳಿಗೆ ನನ್ನ ರಜೆಯ ಅರ್ಜಿ ಹಾಕಿದೆ. ಕಾರಣ: ಎಳ್ಳ ಅಮಾವಾಸ್ಯೆ, ಊರಿನಲ್ಲಿ ಹಬ್ಬ.

ಎರಡಕ್ಕೂ ಸಂಬಂಧವಿದೆ ಎಂದು ನನಗೆ ಹೊಳೆಯಲೇ ಇಲ್ಲ. ಇದನ್ನು ಎಷ್ಟು ಜನರಿಗೆ ಹೇಳಿದರೂ ಅರ್ಧ ಜನ ನಂಬುವುದಿಲ್ಲ, ಆದರೆ ನಿಜ. ನನ್ನ ಹಬ್ಬ ನನ್ನ ಹಬ್ಬವಾಗಿತ್ತು, ಬಾಧಿತರು ಎನ್ನುವುದು ನಮೂನೆಯಲ್ಲಿನ ಒಂದು ಶಬ್ದವಾಗಿತ್ತು. ಕಾಚಿಗೂಡ ನಿಲ್ದಾಣದಲ್ಲಿ ಊರಿನ ರೈಲು ಹತ್ತುವಾಗ ಇಡೀ ಪ್ಲಾಟ್‌ಫಾರ್ಮು ಚೀಲ, ಮಕ್ಕಳು, ಪ್ಲಾಸ್ಟಿಕ್ ಕೊಡಗಳೊಂದಿಗೆ ನಮ್ಮ ಕಡೆಯವರಿಂದಲೇ ತುಂಬಿತ್ತು. ಎಷ್ಟು ಗದ್ದಲ ಎಂದು ಬೈದುಕೊಂಡೆ. ಸೀಟು ಕಾಯ್ದಿರಿಸಿಕೊಂಡಿದ್ದೆ, ಪುಣ್ಯ. ಊರಿನಲ್ಲಿ ಹೊಲಕ್ಕೆ ಹೋಗಿ ಭೂತಾಯಿಗೆ ನೈವೇದ್ಯವೆಂದು ಬೆಳೆಗೆ ಚರಗ ಚೆಲ್ಲಿ, ಬನ್ನಿ ಗಿಡದ ಕೆಳಗೆ ಕುಳಿತು ಸಜ್ಜೆ ರೊಟ್ಟಿ, ಬಜ್ಜಿ, ಶೇಂಗಾ ಹೋಳಿಗೆ ಹೊಟ್ಟೆ ಬಿರಿಯೆ ತಿಂದೆ. ಮರಳಿ ಬರುವಾಗ ಕಚೇರಿಯವರಿಗೆಂದು ಒಂದು ಡಬ್ಬಿ ಹೋಳಿಗೆಯನ್ನೂ ತಂದೆ.

ಮೇಜಿನ ಮೇಲೆ ಸಮೀಕ್ಷೆಯ ವರದಿ ಕಾಯುತ್ತಿತ್ತು. ಯಾರಾದರೊಬ್ಬರು ಉಳಿದುಕೊಂಡಿದ್ದ ಮನೆಗಳೆಲ್ಲ ದಾಖಲಾಗಿದ್ದವು. ಏಳು ಶೆಡ್ಡುಗಳ ಮುಂದೆ ಮಾತ್ರ ಹೀಗೆ ಬರೆದಿತ್ತು: ಬೀಗ ಹಾಕಿದೆ, ವಾಸವಿಲ್ಲ. ಹೋಳಿಗೆ ಹಂಚುತ್ತಲೇ ವರದಿಗೆ ಸಹಿ ಮಾಡಿದೆ. ವಿದೇಶದ ಪರಿಶೀಲಕರು ಅದನ್ನು ಓದಿ, ಇದು ಉಳಿದವರಿಗೆ ಮಾದರಿ ಎಂದು ಬೆನ್ನು ತಟ್ಟಿದರು. ನಾನು ಆ ಮೇಲ್ ಅನ್ನು ಎರಡು ಸಲ ಓದಿಕೊಂಡೆ.

ಪುಸ್ತಕದಲ್ಲಿ ಇನ್ನೂ ಒಂದು ನಿಯಮವಿದೆ. ಫಲಾನುಭವಿಗಳ ಪಟ್ಟಿಯನ್ನು ಅವರಿಗೆ ಅರ್ಥವಾಗುವ ಭಾಷೆಯಲ್ಲಿ ಅವರೆದುರೇ ಓದಬೇಕು. ಕಚೇರಿಯಲ್ಲಿ ಆ ಭಾಷೆ ಬಲ್ಲವಳು ನಾನೇ ಎಂದು ನನ್ನನ್ನು ಕಳಿಸಿದರು. ನಾಲೆಯ ಪಕ್ಕ ಬೇವಿನ ಮರದ ಕೆಳಗೆ ಕುರ್ಚಿ ಹಾಕಿಸಿಕೊಂಡು, ಬ್ಯಾನರು ಕಟ್ಟಿಸಿ, ಎಲ್ಲರಿಗೂ ಬಿಸ್ಕತ್ತು ಕೊಡಿಸಿ ಪಟ್ಟಿ ಓದಿದೆ. ಮುಗಿದ ಮೇಲೆ ಒಬ್ಬ ಹೆಂಗಸು ಎದ್ದು ನಿಂತಳು. ದೇವದುರ್ಗದ ಕಡೆಯವಳು, ಗೌಂಡಿಗಳ ಕೈಕೆಳಗೆ ಕಲ್ಲು ಸಿಮೆಂಟು ಹೊರುವವಳು. ಗಂಡ ಇಲ್ಲ, ಒಬ್ಬಳೇ ಮಗಳು ಅಲ್ಲೇ ಹತ್ತಿರದ ಶಾಲೆಯಲ್ಲಿ ಎಂಟನೆಯ ತರಗತಿ.

'ನನ್ನ ಹೆಸರ ಬರಲಿಲ್ಲಲ್ರಿ ಮೇಡಮ್ಮಾರ.'

ಪಟ್ಟಿ ನೋಡಿ, ಸಮೀಕ್ಷೆಯ ದಿನ ನಿಮ್ಮ ಮನೆಗೆ ಬೀಗ ಇತ್ತು, ಅಲ್ಲಿ ಯಾರೂ ವಾಸವಿಲ್ಲ ಎಂದು ದಾಖಲಾಗಿದೆ ಎಂದು ವಿವರಿಸಿದೆ.

'ಯಾರೂ ಇರಲಾರದ ಮನಿಗೆ ಬೀಗ ಯಾರ ಹಾಕ್ತಾರ್ರೀ?' ಎಂದಳು.

ಹತ್ತು ವರ್ಷದ ನನ್ನ ಕಾನೂನಿನ ಅನುಭವದಲ್ಲಿ ಇದಕ್ಕಿಂತ ಗಟ್ಟಿಯಾದ ವಾದ ನಾನು ಕೇಳಿಲ್ಲ. ಆದರೂ ಬಿಡಲಿಲ್ಲ. ಹಾಗಾದರೆ ಅವತ್ತು ಎಲ್ಲಿಗೆ ಹೋಗಿದ್ದಿರಿ ಎಂದು ಕೇಳಿದೆ, ಸ್ವಲ್ಪ ಜಬರ್ದಸ್ತಿನಿಂದಲೇ.

'ಎಳ್ಳಮಾಸಿ ಇತ್ತಲ್ರೀ, ಊರಿಗೆ ಹೋಗಿದ್ವಿ. ನಿಮ್ಮ ಮಾತು ಕೇಳಿದ್ರ ನೀವೂ ನಮ್ಮ ಕಡ್ಯಾರ ಇದ್ದಂಗ ಐತಿ. ನೀವು ಹೋಗಿದ್ದಿಲ್ಲೇನ್ರಿ?'

ಅವಳು ಚುಚ್ಚಲು ಕೇಳಿದ್ದಲ್ಲ, ಸುಮ್ಮನೆ ಊರ ಕಡೆಯ ಸಲಿಗೆಯಿಂದ ಕೇಳಿದ್ದು. ಹೋಗಿದ್ದೆ ಎಂದೆ. 'ಮತ್ತ!' ಎಂದು ಎಲ್ಲರೂ ನಕ್ಕರು. ನಾಚಿಕೆಯಿಂದ ನನ್ನ ಕಿವಿ ಬಿಸಿಯಾಯಿತು. ಬಿಸ್ಕತ್ತಿನ ತಟ್ಟೆ ಹಿಡಿದುಕೊಂಡು ಎಲ್ಲಿ ನೋಡಬೇಕೆಂದು ತಿಳಿಯದೆ ನಿಂತೆ. 'ಈ ಮನಿ ಹೋದ್ರ ನಾ ಮತ್ತೊಂದು ಸೈಟಿಗೆ ಹೋಗಬೇಕ್ರಿ. ಹುಡುಗಿ ಸಾಲಿ ಬಿಡಬೇಕಾಗ್ತೈತಿ. ಭಾಳ ಶಾಣ್ಯಾ ಅದಾಳ್ರಿ' ಎಂದು ಅವಳು ಮೆಲ್ಲಗೆ ಹೇಳಿದಳು.

ಪುಸ್ತಕದಲ್ಲಿ ದೂರಿಗೂ ದಾರಿಯಿದೆ. ಬಾಧಿತರು ಲಿಖಿತ ದೂರು ಕೊಟ್ಟರೆ ನಿಯಮ ಪಾಲನೆ ನೋಡಿಕೊಳ್ಳುವ ಅಧಿಕಾರಿ ಅದನ್ನು ನಿಷ್ಪಕ್ಷಪಾತವಾಗಿ ವಿಚಾರಿಸಬೇಕು. ಆ ಅಧಿಕಾರಿ ನಾನು. ಅವಳಿಗೆ ಬರೆಯಲು ಬರುತ್ತಿರಲಿಲ್ಲ, ಆದ್ದರಿಂದ ದೂರನ್ನೂ ನಾನೇ ಬರೆದೆ. ಹೀಗೆ ನಾನು ಮಾಡಿದ ಎಡವಟ್ಟಿನ ಬಗ್ಗೆ ನಾನೇ ದೂರು ಬರೆದು, ನಾನೇ ಸ್ವೀಕರಿಸಿ, ನನ್ನನ್ನು ನಾನೇ ವಿಚಾರಿಸಿಕೊಳ್ಳಲು ಕುಳಿತೆ.

ನಮ್ಮ ಮುಖ್ಯಸ್ಥರು ಮೈಸೂರಿನವರು, ಸಜ್ಜನ. ಆದರೆ ಎಳ್ಳು ಎಂದರೆ ಅವರಿಗೆ ಸಂಕ್ರಾಂತಿ ಮಾತ್ರ ಗೊತ್ತು. 'ನಮ್ಮ ಕಡೆ ಅದು ಹಬ್ಬಾನೇ ಅಲ್ವಲ್ರೀ. ರಜೆ ಪಟ್ಟೀಲೂ ಇಲ್ಲ. ಸುಮ್ನೆ ಯಾಕೆ ತಲೆ ಮೇಲೆ ಚಪ್ಪಡಿ ಎಳ್ಕೋತೀರಾ? ಸ್ಥಳೀಯ ಹಬ್ಬ ಅಲ್ಲ ಅಂತ ಬರೆದು ಮುಗಿಸಿ' ಎಂದರು. ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಹಾಗೆ ಬರೆದಿದ್ದರೆ ಯಾವ ಪರಿಶೀಲಕನೂ ಪ್ರಶ್ನಿಸುತ್ತಿರಲಿಲ್ಲ. ಎರಡು ದಿನ ಅದನ್ನೇ ಬರೆಯಲು ನೋಡಿದೆ. ಪ್ರತಿ ಸಲ ಆ 'ಮತ್ತ!' ಎನ್ನುವ ನಗು ಕೇಳಿಸುತ್ತಿತ್ತು. ಕೊನೆಗೆ ಆಯ್ದ ದಿನಗಳೇ ತಪ್ಪು ಎಂದು ಬರೆದೆ. ಆ ದಿನಗಳಲ್ಲಿ ಈ ಜನ ಊರಿಗೆ ಹೋಗುವುದು ಅಧಿಕಾರಿಗೆ ತಿಳಿದಿತ್ತು ಎನ್ನುವುದಕ್ಕೆ ಪುರಾವೆ ಬೇಕಿತ್ತು. ನನ್ನ ರಜೆಯ ಅರ್ಜಿಯನ್ನೇ ಲಗತ್ತಿಸಿದೆ.

ಕೆಲಸ ಹೋಗುತ್ತದೆ ಎಂದುಕೊಂಡಿದ್ದೆ. ನಿಧಿಯವರು ಹೊಗಳಿದರು. ಇಷ್ಟು ಪ್ರಾಮಾಣಿಕವಾದ ಸ್ವಯಂ ವರದಿಯನ್ನು ಅವರು ನೋಡೇ ಇರಲಿಲ್ಲವಂತೆ. ಏಳು ಮನೆಗಳ ಮರುಸಮೀಕ್ಷೆಗೆ ಒಪ್ಪಿಗೆ ಬಂತು: ಮುಂದಿನ ಹದಿನೈದು ದಿನಗಳಲ್ಲಿ ಯಾವುದಾದರೂ ಒಂದು ದಿನ, ಮುನ್ಸೂಚನೆ ಇಲ್ಲದೆ. ಒಪ್ಪಿಗೆಯ ಕೊನೆಯಲ್ಲಿ ಇನ್ನೊಂದು ಸಾಲಿತ್ತು. ಕಾಯಿಲೆ, ಸಾವು ಮುಂತಾದ ಕಾರಣಕ್ಕೆ ಊರಿಗೆ ಹೋದವರನ್ನು ನೆರೆಯ ಇಬ್ಬರ ಹೇಳಿಕೆ ಪಡೆದು ಸೇರಿಸಬಹುದು.

ಆ ಸಾಲನ್ನು ನಾನು ಅವರಿಗೆ ಹೇಳಲಿಲ್ಲ. ಹೇಳಿದರೆ ಅರ್ಧ ಜನ ಹೊರಟುಬಿಡುತ್ತಾರೆ, ತಂಡದವರು ಮತ್ತೆ ಬೀಗ ನೋಡಿ ಬರೆದುಕೊಂಡು ಹೋಗುತ್ತಾರೆ, ಈ ಸಲ ಯಾರೂ ಕೇಳುವುದಿಲ್ಲ ಎಂದು ಲೆಕ್ಕ ಹಾಕಿದೆ. ನಾನೇ ಹೋಗಿ ಏಳೂ ಮನೆಯವರನ್ನು ಕೂಡಿಸಿ, ಅಚ್ಚ ನಮ್ಮ ಮಾತಿನಲ್ಲಿ, 'ಹದಿನೈದು ದಿನ ಯಾರೂ ಎಲ್ಲೂ ಹೋಗಬ್ಯಾಡ್ರಿ. ಏನ ಆದ್ರೂ ಹೋಗಬ್ಯಾಡ್ರಿ. ಈ ಸಲ ತಪ್ಪಿದ್ರ ಮುಗೀತು' ಎಂದೆ. ಎಲ್ಲರೂ ತಲೆಯಾಡಿಸಿದರು. ಅರ್ಥವಾಗುವ ಭಾಷೆಯಲ್ಲಿ ಹೇಳಲಾಗಿದೆಯೇ? ಹೌದು.

ತಂಡ ಹನ್ನೆರಡನೆಯ ದಿನ ಬಂತು. ಈ ಸಲ ನಾನೂ ಜೊತೆಗೆ ಹೋದೆ. ಏಳೂ ಬಾಗಿಲು ತೆರೆದಿದ್ದವು. ದೇವದುರ್ಗದವಳು ತನ್ನ ಬಾಗಿಲಲ್ಲೇ ನಿಂತಿದ್ದಳು, ಕೂದಲು ಬಾಚಿರಲಿಲ್ಲ, ಕಣ್ಣು ಊದಿದ್ದವು. ಸಮೀಕ್ಷೆಯ ಹುಡುಗಿ ತೆಲುಗಿನಲ್ಲಿ ಕೇಳಿದ್ದಕ್ಕೆಲ್ಲ ತೆಲುಗಿನಲ್ಲೇ ಚುಟುಕಾಗಿ ಉತ್ತರಿಸಿದಳು. ಎಷ್ಟು ಜನ, ಎಷ್ಟು ವರ್ಷದಿಂದ, ಮಗಳು ಯಾವ ಶಾಲೆ. ಎಲ್ಲ ಬರೆದುಕೊಂಡಾಯಿತು, ಫೋಟೊ ತೆಗೆದಾಯಿತು. ನನಗೆ ಖುಷಿ ತಡೆಯಲಾಗಲಿಲ್ಲ. ಮನೆ ಸಿಕ್ಕಂತೆಯೇ ಅಂದೆ. ಅವಳು ತಲೆಯಾಡಿಸಿ ಒಳಗೆ ಹೋದಳು.

ಪಕ್ಕದ ಶೆಡ್ಡಿನ ಮುದುಕಿ ನನ್ನ ಕೈ ಹಿಡಿದು ಈಚೆ ಎಳೆದಳು. 'ಆಕಿ ಅವ್ವ ಊರಾಗ ಸತ್ತು ಇವತ್ತಿಗೆ ಎರಡ ದಿನ ಆತ್ರಿ. ಫೋನ್ ಬಂದಿತ್ತು. ನಾವೆಲ್ಲಾ ಹೋಗಂದ್ವಿ. ಮೇಡಮ್ಮಾರು ಬ್ಯಾಡಂದಾರ ಅಂತ ಮಣ್ಣಿಗೂ ಹೋಗಲಿಲ್ಲ.'

ನನ್ನ ಚೀಲದಲ್ಲಿ ಒಪ್ಪಿಗೆಯ ಪ್ರತಿ ಇತ್ತು. ಅದರ ಕೊನೆಯ ಸಾಲು ನನಗೆ ಬಾಯಿಪಾಠವಾಗಿತ್ತು. ನೆರೆಯ ಇಬ್ಬರ ಹೇಳಿಕೆ ಸಾಕಿತ್ತು, ಈ ಮುದುಕಿ ಒಬ್ಬಳೇ ಹತ್ತು ಜನರಷ್ಟು ಹೇಳುತ್ತಿದ್ದಳು. ನನ್ನ ಮೇಲೆ ನನಗೆ ಬಂದಷ್ಟು ಸಿಟ್ಟು ಜೀವನದಲ್ಲಿ ಯಾರ ಮೇಲೂ ಬಂದಿಲ್ಲ. ಆ ಸಾಲಿನ ವಿಷಯ ಅವಳಿಗೆ ಹೇಳಿಬಿಡಬೇಕು ಎಂದು ಅವಳ ಹತ್ತಿರ ಹೋದೆ. ಅವಳು ಆಗಲೇ ಚೀಲ ಕಟ್ಟಿ ಇಟ್ಟಿದ್ದಳು, ಮಗಳು ಚಪ್ಪಲಿ ಹಾಕಿಕೊಂಡು ನಿಂತಿದ್ದಳು.

'ಎಲ್ಲಾ ಬರ್ಕೊಂಡ್ರಲ್ರೀ?' ಎಂದು ಕೇಳಿದಳು. ಹೌದೆಂದೆ. ಅವಳು ಬೀಗವನ್ನು ಕೈಯಲ್ಲಿ ಹಿಡಿದುಕೊಂಡು ನನ್ನ ಮುಖ ನೋಡಿದಳು.

'ಹಂಗಾರ ಸಂಜಿ ಗಾಡಿಗೆ ಹೋಗ್ಲೇನ್ರಿ? ಮೂರ ದಿನದ ಕಾರ್ಯಕ್ಕರ ಮುಟ್ತೀನಿ. ನಾಳಿ ರಾತ್ರಿ ಬಂದಬಿಡ್ತೀನ್ರಿ, ಹೆಸರ ತೆಗೀಬ್ಯಾಡ್ರಿ.'